ಆರು ಕಿಲೋಮೀಟರ್ ಹಿಂದಕ್ಕೆ

ಕೋಲೆತ್ತಿ ತೋರಿಸುತ್ತಿದ್ದಾಳೆ ಇನ್ನೊಬ್ಬಳು, ಎದುರಿಗೆ ಬಂದ ಯಾತ್ರಿ, ಕೆಂಪು ಟೋಪಿಯವಳು, ಆ ಕಡೆ ಆ ಕಡೆ ಎಂದು, ನಾನು ಬಿಟ್ಟು ಬಂದ ದಿಕ್ಕಿಗೇ, ಇವಳು ಒಂಬತ್ತನೆಯವಳೋ ಹತ್ತನೆಯವಳೋ — ಗೊತ್ತು ತಾಯಿ, ಸಂತನ ಸಮಾಧಿಯ ಊರು ಸ್ಯಾಂಟಿಯಾಗೊ ಆ ಕಡೆಯೇ, ಬಾಣಗಳೆಲ್ಲ ಆ ಕಡೆಗೇ, ಗೋಡೆಯ ಮೇಲೆ, ಕಲ್ಲಿನ ಮೇಲೆ, ನೀಲಗಿರಿ ಮರದ ಬೊಡ್ಡೆಯ ಮೇಲೆ ಹಳದಿ ಬಾಣ, ಈ ಸ್ಪೇನಿನವರಿಗೆ ಬೇರೆ ಬಣ್ಣವೇ ಸಿಗಲಿಲ್ಲವೇ, ಇದು ನಮ್ಮ ಅಡುಗೆಮನೆಯ ಅರಿಸಿನ, ಹೆಂಡತಿ ಮೈಥಿಲಿ ಕರವಸ್ತ್ರಕ್ಕೆ ಹಚ್ಚಿದ ಅರಿಸಿನ, ಜೇಬಿನಲ್ಲಿ ಇದೆ, ಇದೆಯಲ್ಲವೇ, ಇದೆ. ಮೊಣಕಾಲಿನೊಳಗೆ ಯಾರೋ ಮೊಳೆ ತಿರುವುತ್ತಿದ್ದಾರೆ. ರಸ್ತೆ ಬದಿಯ ಕಲ್ಲು ನಲವತ್ತಮೂರು ಎನ್ನುತ್ತಿದೆ, ಇನ್ನು ಅಷ್ಟು ಕಿಲೋಮೀಟರ್ ಬಾಕಿ ಎಂದು, ಮುಂದಿನದು ನಲವತ್ತನಾಲ್ಕು, ನಡೆದಷ್ಟೂ ದೂರವಾಗುವ ಯಾತ್ರೆ ಜಗತ್ತಿನಲ್ಲಿ ನನ್ನದೊಂದೇ ಇರಬೇಕು, ಐವತ್ತೆಂಟು ವರ್ಷದ ಗುರುರಾಜ, ಅಮೆರಿಕದ ನಾರ್‌ಕ್ರಾಸ್‌ನ ಡೇಟಾಬೇಸ್ ಮನುಷ್ಯ, ದೇವರಮನೆಗೆ ಬಲ್ಬು ಬದಲಾಯಿಸಲಷ್ಟೇ ಹೋಗುವವನು.

ಹರಕೆ ಹೊತ್ತವಳು ಅವಳು, ನಡೆಯುವವನು ನಾನು, ಯಾವೂರ ನ್ಯಾಯ ಇದು. ಎರಡು ಸಾವಿರದ ಇಪ್ಪತ್ತರ ಆಗಸ್ಟ್, ನನ್ನ ಗಂಟಲಲ್ಲಿ ವೆಂಟಿಲೇಟರಿನ ಕೊಳವೆ, ಆಸ್ಪತ್ರೆಯೊಳಗೆ ಹೆಂಡತಿಯನ್ನೂ ಬಿಡದ ಕಾಲ, ಲೂಪೆ ಎಂಬ ನರ್ಸು ಐಪ್ಯಾಡ್ ಹಿಡಿದು ಇವಳಿಗೆ ನನ್ನ ಮುಖ ತೋರಿಸುತ್ತಿದ್ದಳಂತೆ, ತೋರಿಸುತ್ತ ತನ್ನ ಅಜ್ಜ ಸ್ಯಾಂಟಿಯಾಗೊಗೆ ನಡೆದುಹೋಗಿ ಕಾಯಿಲೆ ವಾಸಿಯಾದದ್ದು ಹೇಳಿದಳಂತೆ, ಇವಳಿಗೆ ಅಷ್ಟು ಸಾಕು, ನಮ್ಮ ದೇವರಿಗೆಲ್ಲ ಹೇಳಿ ಮುಗಿದಿತ್ತು, ಅಡುಗೆಮನೆಯಲ್ಲಿ ನಿಂತಲ್ಲೇ ಅರಿಸಿನದ ಬಟ್ಟೆಯಲ್ಲಿ ಕ್ವಾರ್ಟರ್ ನಾಣ್ಯ ಇಟ್ಟು ಮುಡಿಪು ಕಟ್ಟಿದಳು, ಒಂದು ಗಂಟು ಸಾಲದೆಂದು ಹಲ್ಲಲ್ಲಿ ಕಚ್ಚಿ ಎಳೆದು ಇನ್ನೊಂದು, ಸ್ಯಾಂಟಿಯಾಗೊ ಸ್ವಾಮಿ, ಇವರನ್ನ ಉಳಿಸಿಕೊಡಪ್ಪಾ, ಕೊನೇ ನೂರು ಕಿಲೋಮೀಟರ್ ಗಾಡಿ ಹತ್ತದೇ ನಡ್ಕೊಂಡು ಬಂದು ಒಪ್ಪಿಸ್ತಾರೆ. ಹನ್ನೊಂದನೆಯ ದಿನ ಕಣ್ಣು ಬಿಟ್ಟೆ. ನನ್ನ ಕಾಲಿನ ಮೇಲೆ ಹರಕೆ ಹೊರೋಕೆ ನೀನ್ಯಾರೇ ಎಂದು ರೇಗಿದರೆ ನಗುತ್ತಾಳೆ, ಆ ಕಾಲೇ ಇರ್ತಿರ್ಲಿಲ್ಲ, ಸುಮ್ನಿರಿ. ಒಂದು ವರ್ಷ ಪ್ರಾಜೆಕ್ಟ್ ರಿಲೀಸ್, ಒಂದು ವರ್ಷ ಲೇಆಫ್ ಭಯ, ಒಂದು ವರ್ಷ ಮಗ ಆದಿತ್ಯನ ಗ್ರಾಜುಯೇಷನ್, ಮುಂದಿನ್ವರ್ಷ ನೋಡೋಣ ಕಣೇ, ನೋಡೋಣ ಕಣೇ, ಐದು ವರ್ಷ ಮುಡಿಪು ಡ್ರಾಯರಿನಲ್ಲೇ ಇತ್ತು. ಹೋದ ತಿಂಗಳು ಅವಳ ಎದೆಯಲ್ಲಿ ಗಡ್ಡೆ ಕಂಡಿತು. ತಡ ಮಾಡ್ಬಿಟ್ವಿ ರೀ. ನಾನ್‌ಸೆನ್ಸ್, ಬಯಾಪ್ಸಿಗೂ ಇದಕ್ಕೂ ಏನೇ ಸಂಬಂಧ. ಅಳಲಿಲ್ಲ, ಜಗಳವಾಡಲೂ ಇಲ್ಲ, ಡ್ರಾಯರಿನಿಂದ ಮುಡಿಪು ತೆಗೆದು ನನ್ನ ಕೈಗಿಟ್ಟಳು, ಹೋಗ್ಬನ್ನಿ, ಡಾಕ್ಟರ ಹತ್ರ ಆದಿತ್ಯ ಡ್ರೈವ್ ಮಾಡ್ತಾನೆ, ನೀವು ನಡೀರಿ. ಆ ಡಾಕ್ಟರು ರಿಪೋರ್ಟ್ ಹೇಳುವುದು ಇವತ್ತು, ಅಲ್ಲಿಯ ಬೆಳಗಿನ ಒಂಬತ್ತೂವರೆಗೆ, ಇಲ್ಲಿ ಮಧ್ಯಾಹ್ನ ಮೂರೂವರೆ, ಈಗ ಗಂಟೆ ಮೂರು ಇಪ್ಪತ್ತು.

ಇವತ್ತು ಬೆಳಗ್ಗೆ ಮಳೆ. ನಲವತ್ತಾರನೆಯ ಕಲ್ಲಿನ ಹತ್ತಿರ ದನಗಳು ನೀರು ಕುಡಿಯುವ ತೊಟ್ಟಿ, ಅದರ ಕಟ್ಟೆಯ ಮೇಲೆ ಕೂತೆ, ಕೂತವನಿಗೆ ಏಳಲಾಗಲಿಲ್ಲ, ಟ್ಯಾಕ್ಸಿ ಬಂತು, ಕೈ ತಾನಾಗಿಯೇ ಮೇಲೆದ್ದಿತು, ಹತ್ತಿದೆ, ಅಷ್ಟೇ, ಯಾರು ನೋಡುತ್ತಾರೆ, ಆರು ಕಿಲೋಮೀಟರ್, ಎಂಟು ನಿಮಿಷ. ನಲವತ್ತರ ಕಲ್ಲಿನ ಬಳಿ ಇಳಿದಲ್ಲಿ ಕಾಫಿ ಅಂಗಡಿ, ಅಲ್ಲಿಯ ಮುದುಕಿ ನನ್ನ ಯಾತ್ರೆಯ ಪುಸ್ತಕ ಎಳೆದುಕೊಂಡು ಇಷ್ಟು ದೂರ ನಡೆದಿದ್ದಾನೆಂದು ಮುದ್ರೆ ಒತ್ತಿದಳು, ಒಂದು ಮಾತೂ ಕೇಳಲಿಲ್ಲ, ಒದ್ದೆ ಅಂಗಿ ನೋಡಿ ಬಿಸಿ ಹಾಲು ಒಂದಿಷ್ಟು ಜಾಸ್ತಿ ಸುರಿದಳು, ಪಾಪ, ಕೇಳಿದ್ದರೆ ಸುಳ್ಳು ಹೇಳಿ ಮುಗಿಸುತ್ತಿದ್ದೆ. ಎರಡು ಗಂಟೆ ಅಲ್ಲೇ ಕೂತೆ, ಕಾಫಿ ಇಳಿಯಲಿಲ್ಲ. ನಾನು ನಂಬುವವನಲ್ಲ, ಈಗಲೂ ಇಲ್ಲ, ಅವಳ ಎದೆಯೊಳಗಿನ ಕಣಗಳಿಗೆ ನನ್ನ ಟ್ಯಾಕ್ಸಿ ಗೊತ್ತಾಗುವುದಿಲ್ಲ, ಇರುವುದು ಹೋದ ವಾರವೇ ಇತ್ತು, ಇಲ್ಲದಿದ್ದರೆ ಇಲ್ಲ — ಹಾಗಿದ್ದರೆ ಯಾಕೆ ಎದ್ದೆ, ಯಾಕೆ ತಿರುಗಿದೆ, ಹೆದರಿಕೆ, ಗುರುರಾಜ, ಬಾಯಿಬಿಟ್ಟು ಹೇಳು, ಹೆದರಿಕೆ, ಅವಳಿಲ್ಲದ ಮನೆಯ ಹೆದರಿಕೆ. ತೊಟ್ಟಿಯವರೆಗೆ ಹೋಗಿ ಮತ್ತೆ ಮೊದಲಿನಿಂದ ನಡೆಯುತ್ತೇನೆ. ಟ್ಯಾಕ್ಸಿಯಲ್ಲೇ ವಾಪಸು ಬರಬಹುದಿತ್ತಲ್ಲ, ದಡ್ಡ ಮುಂಡೇದೇ, ಅದು ಹೊಳೆದದ್ದು ನಲವತ್ತೆರಡನೆಯ ಕಲ್ಲಿನ ಹತ್ತಿರ. ಹಿಂದಕ್ಕೆ ನಡೆದರೂ ಅದೇ ಆರು ಕಿಲೋಮೀಟರ್, ಸರಿಹೋಯಿತಲ್ಲವೇ — ಊಹೂಂ, ಮೈಥಿಲಿ ಒಪ್ಪುವುದಿಲ್ಲ.

ಸಗಣಿ ವಾಸನೆ, ದನ ಬಂದವು ಎಂದರೆ ತೊಟ್ಟಿ ಬಂತು, ಅದೋ ಕಾಣುತ್ತಿದೆ, ಇನ್ನೂರು ಹೆಜ್ಜೆ, ಅಲ್ಲಿ ಮುಟ್ಟಿ ತಿರುಗಿದರೆ ಸಾಕು, ಫೋನು, ಬೇಡ, ಈಗಲೇ ಬೇಡ, ನಾಲ್ಕು ಗಂಟೆಯಾಗಿ ಹೋಗಿದೆ, ಅವಳೇ. ರೀ. ಹೇಳೇ. ಡಾಕ್ಟರ್ ಹತ್ರ ಆಯ್ತು, ಕಾರಲ್ಲಿ ಕೂತಿದ್ದೀವಿ. ಏನಂದ್ರು ಅವ್ರು. ಉಸಿರು ಕೇಳಿಸುತ್ತದೆ, ಕಾರಿನ ಬಾಗಿಲು ಹಾಕಿದ ಸದ್ದು. ಹೇಳ್ತೀನಿ, ಮೊದ್ಲು ನೀವು ಹೇಳಿ, ಎಲ್ಲೂ ಗಾಡಿ ಹತ್ತಿಲ್ಲ ತಾನೇ? ನೀರು ತೊಟ್ಟಿಗೆ ಬೀಳುತ್ತಿದೆ, ಇಲ್ಲ ಎನ್ನಬೇಕು, ಎರಡು ಅಕ್ಷರ, ಇಲ್ಲ ಕಣೇ ಅಂದರೆ ಮುಗಿಯಿತು, ರೀ, ಕೇಳಿಸ್ತಾ ಇದ್ಯಾ, ಕೇಳಿಸುತ್ತಿದೆ, ಮುಷ್ಟಿಯಲ್ಲಿ ಮುಡಿಪು, ಬೆವರಿಗೆ ಅರಿಸಿನ ಬಿಟ್ಟು ಅಂಗೈಯೆಲ್ಲ ಹಳದಿ, ರೀ, ಗಂಟು, ಒಂದು ಸಾಲದೆಂದು ಇನ್ನೊಂದು, ಹಲ್ಲಲ್ಲಿ ಕಚ್ಚಿ ಎಳೆದ ಗುರುತು ಇನ್ನೂ ಬಟ್ಟೆಯ ಮೇಲಿದೆ, ಹಳದಿ ಬಟ್ಟೆ, ಇದನ್ನು ಹಿಡಿದು ಆ ಸುಳ್ಳು ಹೇಗೆ ಹೇಳಲಿ, ಎರಡು ಗಂಟು, ಎರಡು ಅಕ್ಷರ