ಸೂತಕವಿಲ್ಲದ ಮನೆ

ಮುರುಗಪ್ಪನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೆಂಡತಿ ಮರುಳಸಿದ್ದಮ್ಮ ಲಿಂಗೈಕ್ಯರಾಗಿ ನಾಲ್ಕು ದಿನವಾಗಿತ್ತು. ಬೆಳಗಿನ ಪೂಜೆಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ದೃಷ್ಟಿ ಅಲ್ಲಿ ನಿಲ್ಲದೆ ಅಡುಗೆಮನೆಯ ಬಾಗಿಲಿಗೆ ಜಾರುತ್ತಿತ್ತು. ಪೂಜೆಯನ್ನು ಹೇಗೋ ಮುಗಿಸಿ ತೋಟಕ್ಕೆ ಹೋಗುವರು. ತೆಂಗಿನ ಸಾಲಿನ ಕೊನೆಯಲ್ಲಿದ್ದ ಸಮಾಧಿಯ ಹಸಿ ಮಣ್ಣು ನೋಡಿ, ಅಲ್ಲೂ ನಿಲ್ಲಲಾರದೆ ಹಿಂತಿರುಗುವರು.

ಮನೆಯಲ್ಲಿ ಜನಕ್ಕೇನೂ ಕಡಿಮೆ ಇರಲಿಲ್ಲ. ಮಗ ಮಂಜುನಾಥ, ಸೊಸೆ ಇದ್ದರು. ಅಕ್ಕ ಏಕನಾಥಮ್ಮ ಹೊಳಲ್ಕೆರೆಯಿಂದ ಬಂದು ಉಳಿದಿದ್ದಳು. ಆದರೆ ಅವರ ಜೀವ ಆತುಕೊಂಡಿದ್ದುದು ಮೊಮ್ಮಗಳು ರಂಜಿತಾಳನ್ನು. ನಗೆ, ನಡಿಗೆ, ಲೋಟವನ್ನು ಸದ್ದಾಗದಂತೆ ಕೆಳಗಿಡುವ ರೀತಿ, ಎಲ್ಲವೂ ಅಜ್ಜಿಯದೇ.

ಆ ಹುಡುಗಿ ಅಂದು ಮಧ್ಯಾಹ್ನ ಹೊರಡಬೇಕಾಗಿತ್ತು. ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಮುಂದೆ ಧರ್ಮಗಳ ಅಧ್ಯಯನದಲ್ಲಿ ಎಂ.ಎ. ಮಾಡುವ ಆಸೆ. ಅಂಥ ಆಸೆಯುಳ್ಳವರನ್ನು ಪುಣೆ ಕಡೆಯ ಒಂದು ವಿಶ್ವವಿದ್ಯಾಲಯ ತಾನೇ ಪ್ರಯಾಣದ ಖರ್ಚು ಕೊಟ್ಟು ಕರೆಸಿ, ಕೆಲವು ದಿನ ತರಗತಿಗಳಲ್ಲಿ ಕೂರಿಸಿ, ಅಧ್ಯಾಪಕರೊಂದಿಗೆ ಮಾತನಾಡಿಸಿ ಕಳಿಸುತ್ತಿತ್ತು. ಅವಳ ತರಗತಿಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಈ ಸಲ ತಪ್ಪಿದರೆ ಪದವಿ ಮುಗಿದುಹೋಗುತ್ತದೆ, ಮತ್ತೆ ಕರೆಯುವವರಿಲ್ಲ.

ಏಕನಾಥಮ್ಮನಿಗೆ ಇದು ತಲೆಗೇ ಹತ್ತಿರಲಿಲ್ಲ. "ಧರ್ಮ ಓದಾಕೆ ರೈಲ್ ಚಾರ್ಜು ಬ್ಯಾರೆ ಕೊಡ್ತಾರಾ? ಹುಟ್ಟಿದಾಗಿಂದ ಲಿಂಗಪೂಜೆ ಮಾಡೀನಿ, ಒಬ್ಬನೂ ನಂಗೊಂದು ಟೀ ಕುಡಿಸ್ಲಿಲ್ಲ" ಎಂದು ಹಂಗಿಸಿದಳು. ಹಂಗಿಸಿ ಆದ ಮೇಲೆ ನಿಜವಾದ ಮಾತಿಗೆ ಬಂದಳು. ಹನ್ನೊಂದನೆಯ ದಿನದ ಗಣಾರಾಧನೆ ಆಗಿ ಸೂತಕ ಕಳೆಯುವ ತನಕ ಮನೆಯವರು ಯಾರೂ ಊರ ಗಡಿ ದಾಟಬಾರದು. ಅದು ಅವರಲ್ಲಿ ನಡೆದುಬಂದದ್ದು. ಮಂಜುನಾಥ ಅಪ್ಪನ ಮುಖ ನೋಡಿದ. ಅಕ್ಕ ಹೇಳುವುದು ಸರಿ ಎಂದುಬಿಟ್ಟರು ಮುರುಗಪ್ಪನವರು.

ಹೇಳಿದ ಮೇಲೆ ಬಾಯಿ ಕಹಿಯಾಯಿತು. ಹೊಸದುರ್ಗದ ಸುತ್ತ ತಮ್ಮವರ ಯಾರ ಮನೆಯಲ್ಲಿ ಸಾವಾದರೂ ಅಂಗಳದಲ್ಲಿ ನಿಂತು, ಲಿಂಗವಂತರಿಗೆ ಸೂತಕವಿಲ್ಲ ಎಂದು ಹೇಳುತ್ತ ಬಂದವರು ಅವರೇ. ಹೇಳುತ್ತಿದ್ದುದು ಅವರು, ಮಾಡಿ ತೋರಿಸುತ್ತಿದ್ದುದು ಮರುಳಸಿದ್ದಮ್ಮ. ಸಾವಿನ ಮನೆಯಲ್ಲಿ ನೀರು ಕುಡಿಯಲೂ ಜನ ಹಿಂದೆಗೆಯುವಾಗ ಆಕೆ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿ, ಬೇಯಿಸಿ ಬಡಿಸಿ, ತಾನೂ ಅಲ್ಲೇ ಉಂಡು ಬರುತ್ತಿದ್ದಳು.

ರಂಜಿತಾ ತುಂಬಿದ್ದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಗೂಡಿಗೆ ಇಡತೊಡಗಿದಳು. ಮುರುಗಪ್ಪನವರು ನಡುಮನೆಗೆ ಹೋದರು, ಜಗಲಿಗೆ ಬಂದರು, ಹಿತ್ತಿಲಿಗೆ ಹೋಗಿ ಸುಲಿಯದೆ ಬಿದ್ದಿದ್ದ ಕಾಯಿಗಳನ್ನು ಕಾಲಿನಿಂದ ಸರಿಸಿದರು. ಸೊಸೆ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಕೊನೆಗೆ ಮೊಮ್ಮಗಳ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

ಅವಳು ತಿರುಗದೆಯೇ ಕೇಳಿದಳು: "ಅಜ್ಜಾ, ನಮಗೆ ಸೂತಕ ಐತಾ?"

ಎದೆಯ ಮೇಲೆ ಲಿಂಗವಿಟ್ಟುಕೊಂಡು ಇದೆ ಎನ್ನುವುದು ಹೇಗೆ? ಇಲ್ಲ ಎಂದರೆ ಹುಡುಗಿ ಹೊರಡುತ್ತಾಳೆ. ಚೌಕಟ್ಟನ್ನು ಹಿಡಿದುಕೊಂಡರು.

"ಇಲ್ಲವ್ವ. ನೀನೂ ಹೋದ್ರೆ ಮನೆ ಬಿಕೋ ಅಂತೈತೆ. ಅದಕ್ಕೆ ಅಕ್ಕನ ಮಾತಿನ ಹಿಂದೆ ಅವಿತ್ಕಂಡೆ."

ರಂಜಿತಾ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು. ತಮ್ಮ ಸಲುವಾಗಿ ಇರು ಎಂದು ಅಜ್ಜ ಬಾಯಿಬಿಟ್ಟು ಹೇಳಿದರೆ ಇರುವುದಾಗಿ ಹೇಳಿದಳು. ಅವಳು ಹಾಗೆಂದ ಮೇಲೆ ಅವರಿಗೆ ಇರು ಎನ್ನಲಾಗಲಿಲ್ಲ. ಒಳಗೆ ಬಂದು ಗೂಡಿನ ಬಟ್ಟೆಗಳನ್ನೆಳೆದು ತಾವೇ ಚೀಲಕ್ಕೆ ತುರುಕತೊಡಗಿದರು. ಮಡಿಕೆ ಕೆಡುತ್ತದೆಂದು ಅವಳು ಕಸಿದುಕೊಂಡಳು.

ಏಕನಾಥಮ್ಮ ಅಡ್ಡ ನಿಲ್ಲಲಿಲ್ಲ. ನಾಳೆ ಜನ ಕೇಳಿದರೆ ಏನು ಹೇಳುತ್ತೀಯೆಂದು ಮಾತ್ರ ತಮ್ಮನನ್ನು ಕೇಳಿದಳು. ಅವರು ಚೀಲ ಹೆಗಲಿಗೇರಿಸಿ ಆಗಲೇ ಬೀದಿಗಿಳಿದಿದ್ದರು.

ರಂಜಿತಾ ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಚಿಕ್ಕಜಾಜೂರಿಗೆ ಹೋಗಿ, ಅಲ್ಲಿ ಕಾಯುತ್ತಿದ್ದ ಕಾಲೇಜಿನ ಅಧ್ಯಾಪಕಿಯೊಂದಿಗೆ ರೈಲು ಹತ್ತಬೇಕಿತ್ತು. ಬಸ್ಸಿನಲ್ಲಿ ಕೂರಿಸಿ ಇಳಿಯುವುದೆಂದು ಹೋದ ಮುರುಗಪ್ಪನವರು ಇಳಿಯಲಿಲ್ಲ.

"ಹೆಣ್ಮಕ್ಳಿಗೆ ಫ್ರೀ. ನಿಮಗೆಲ್ಲಿಗೆ, ಯಜಮಾನ್ರೆ?" ಎಂದ ಕಂಡಕ್ಟರ್.

ಹೊಳಲ್ಕೆರೆ ಎಂದರು. ತಾವೂ ಊರ ಗಡಿ ದಾಟಿದ್ದು ಟಿಕೆಟ್ ಕೈಗೆ ಬಂದ ಮೇಲೆ ಹೊಳೆಯಿತು.

ವಿಶ್ವವಿದ್ಯಾಲಯದಲ್ಲಿ ಏನೇನು ಕೇಳುತ್ತಾರೆಂದು ದಾರಿಯಲ್ಲಿ ಮೊಮ್ಮಗಳನ್ನು ವಿಚಾರಿಸಿದರು. ಧರ್ಮವನ್ನು ಯಾಕೆ ಓದಬೇಕು ಎಂದು ಕೇಳುತ್ತಾರಂತೆ.

"ನೀ ಏನಂತೀಯ?"

"ಇನ್ನೂ ಗೊತ್ತಿಲ್ಲ ಅಜ್ಜಾ."

"ಹಂಗೇ ಹೇಳು. ಗೊತ್ತಿರೋನಂಗೆ ಊರಿಗೆಲ್ಲ ಹೇಳ್ದೋನು ನಾನು. ಸಾವು ನಮ್ಮನೆಗೇ ಬಂದಾಗ ಏನ್ ಮಾಡ್ದೆ, ನೋಡಿದ್ಯಲ್ಲ."

ಹೊಳಲ್ಕೆರೆಯಲ್ಲಿ ಚಿಕ್ಕಜಾಜೂರಿನ ಬಸ್ಸು ಹೊರಡಲು ನಿಂತಿತ್ತು. ಅವಳು ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಮನೆಗೆ ಹೋಗಿ ಮೊದಲು ಊಟ ಮಾಡಬೇಕೆಂದು ಅಜ್ಜನಿಗೆ ತಾಕೀತು ಮಾಡಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಹೊಸದುರ್ಗದ ಬಸ್ಸು ಬಂತು. ಮುರುಗಪ್ಪನವರು ಹತ್ತಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದರು, ಮತ್ತೆ ನಡೆದರು. ಮುಂದಿನ ಬಸ್ಸಿಗೆ ಹತ್ತಿ, ಸೀಟು ಖಾಲಿಯಿದ್ದರೂ ಕೂರಲಾಗದೆ, ಕಂಬಿ ಹಿಡಿದು ನಿಂತೇ ಊರಿನ ಕಡೆ ಹೊರಟರು.