ಹದಿನೇಳು ನಿಮಿಷ ಮುಂದಿನ ಗಡಿಯಾರ

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕೆಂದು ಪ್ರಿಯಂವದಾ ತೀರ್ಮಾನಿಸಿ ಇಪ್ಪತ್ತೆರಡು ದಿನಗಳಾಗಿದ್ದವು. ಅಷ್ಟರಲ್ಲಿ ಎದ್ದದ್ದು ಹದಿಮೂರು ದಿನ. ಎದ್ದ ಹದಿಮೂರು ದಿನಗಳಲ್ಲಿ ಹನ್ನೊಂದು ದಿನ ತೆರೆದ ಪುಸ್ತಕದ ಮೇಲೆಯೇ ಹಣೆಯಿಟ್ಟು ಮತ್ತೆ ನಿದ್ದೆ ಹೋಗಿದ್ದಳು. ಇದು ಅಂದಾಜಿನ ಲೆಕ್ಕವಲ್ಲ. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ಅವಳು ದಿನಾಂಕ, ಎದ್ದ ಸಮಯ, ಓದಿದ ಪುಟ ಎಂದು ಮೂರು ಕಾಲಂ ಎಳೆದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ಮೂರನೆಯ ಕಾಲಮ್ಮಿನಲ್ಲಿ ನಲವತ್ತೊಂದು ಎಂಬ ಅಂಕಿ ಒಂಬತ್ತು ಸಲ ಬಂದಿತ್ತು.

ಓದಲೇಬೇಕಾದ ಕಾರಣ ಗಟ್ಟಿಯಾಗಿತ್ತು. ಪೀಣ್ಯದ ಎರಡನೇ ಹಂತದಲ್ಲಿರುವ ಒಂದು ಸಣ್ಣ ಲ್ಯಾಬಿನಲ್ಲಿ ಅವಳ ಕೆಲಸ. ಸುತ್ತಲಿನ ಲೇತ್ ಶೆಡ್ಡುಗಳಿಂದ ಮೈಕ್ರೋಮೀಟರುಗಳು, ಗೇಜುಗಳು ಅಲ್ಲಿಗೆ ಬರುತ್ತವೆ. ಅಳೆಯುವ ಆ ಉಪಕರಣಗಳೇ ಎಷ್ಟು ಸರಿ, ಎಷ್ಟು ತಪ್ಪು ಎಂದು ನೋಡಿ ಸರ್ಟಿಫಿಕೇಟ್ ಕೊಡುವುದು ಲ್ಯಾಬಿನ ಕಸುಬು. ಆರು ವರ್ಷಗಳಿಂದ ಅಳೆಯುವವಳು ಪ್ರಿಯಂವದಾ, ಸರ್ಟಿಫಿಕೇಟಿನ ಕೆಳಗೆ ಸಹಿ ಹಾಕುವವರು ಹಿರಿಯರಾದ ಕರಿಬಸಪ್ಪನವರು. ಹೊರಗಿನಿಂದ ಬರುವ ಪರಿಶೀಲಕರ ಮುಂದೆ ಕೂತು ಉತ್ತರ ಹೇಳಿ ಗೆದ್ದವರಿಗೆ ಮಾತ್ರ ಆ ಸಹಿಯ ಅಧಿಕಾರ. ಕರಿಬಸಪ್ಪನವರು ಮಾರ್ಚಿಗೆ ಕೆಲಸ ಬಿಟ್ಟು ದಾವಣಗೆರೆಗೆ ಹೊರಡುವವರಿದ್ದರು. ಜನವರಿಯ ಪರಿಶೀಲನೆಯಲ್ಲಿ ಅವಳು ಒಪ್ಪಿಗೆ ಪಡೆದರೆ ಆ ಕುರ್ಚಿ ಅವಳದು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತೇನೆ ಎಂದು ಲ್ಯಾಬಿನ ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ರಾತ್ರಿ ಓದೋಣವೆಂದರೆ ಮಗಳು ಶ್ರೀರಂಜನಿಯ ಹೋಂವರ್ಕ್ ಮುಗಿದು ಅಡುಗೆಮನೆ ಒರೆಸುವ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಉಳಿದದ್ದು ಬೆಳಗಿನ ಜಾವವೊಂದೇ.

ಆ ಜಾವಕ್ಕೆ ಅಡ್ಡ ನಿಂತದ್ದು ನಡುಮನೆಯ ಗೋಡೆಯ ಗಡಿಯಾರ ಎಂದು ಇಪ್ಪತ್ತೆರಡನೆಯ ದಿನ ಅವಳಿಗೆ ಖಾತ್ರಿಯಾಯಿತು.

ನಾಗಸಂದ್ರದ ಆ ಮನೆಯ ಗಡಿಯಾರ ಹದಿನೇಳು ನಿಮಿಷ ಮುಂದೆ ಓಡುತ್ತಿತ್ತು. ಮಾವ ಕೃಷ್ಣಸ್ವಾಮಿ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಮೊದಲ ಶಿಫ್ಟಿನ ಕಂಪನಿ ಬಸ್ಸು ಐದು ಮೂವತ್ತೈದಕ್ಕೆ ಬರುತ್ತಿದ್ದ ಕಾಲದಲ್ಲಿ ಅವರು ಗಡಿಯಾರವನ್ನು ಮುಂದಿಟ್ಟಿದ್ದರು. ಕಾರ್ಖಾನೆಯವರ ಮನೆಗಳಲ್ಲಿ ಅದು ಹೊಸತೇನಲ್ಲ, ಐದೋ ಹತ್ತೋ ನಿಮಿಷ ಎಲ್ಲರ ಮನೆಯಲ್ಲೂ ಮುಂದೆಯೇ. ಮಾವ ನಿವೃತ್ತರಾಗಿ ಹನ್ನೊಂದು ವರ್ಷವಾದರೂ, ಗಡಿಯಾರವೇ ಎರಡು ಸಲ ಬದಲಾದರೂ ಹದಿನೇಳು ನಿಮಿಷ ಮಾತ್ರ ಹಾಗೆಯೇ ಉಳಿದಿತ್ತು. ಅವಳ ಗಂಡ ಚಿನ್ಮಯ್ ಅದನ್ನು ನೋಡಿ ಹದಿನೇಳು ಕಳೆದು ಮೆಟ್ರೋಗೆ ಹೊರಡುತ್ತಿದ್ದ. ಹತ್ತು ವರ್ಷದ ಶ್ರೀರಂಜನಿಯೂ ಕಳೆಯುವ ಲೆಕ್ಕ ಕಲಿತದ್ದು ಆ ಗಡಿಯಾರದಿಂದಲೇ. ಪ್ರಿಯಂವದಾ ಹಾಸಿಗೆಯಿಂದಲೇ ಕತ್ತೆತ್ತಿ ತೆರೆದ ಬಾಗಿಲಿನಾಚೆ ನೋಡುವಳು, ನಾಲ್ಕೂವರೆ ತೋರಿಸುತ್ತಿರುವುದು. ನಿಜದಲ್ಲಿ ಇನ್ನೂ ನಾಲ್ಕು ಹದಿಮೂರು, ಹದಿನೇಳು ನಿಮಿಷವಿದೆಯಲ್ಲ ಎಂದು ಹೊದಿಕೆ ಎಳೆದುಕೊಳ್ಳುವಳು. ಆ ಹದಿನೇಳು ನಿಮಿಷ ಐವತ್ತಾಗುತ್ತಿತ್ತು.

ತಪ್ಪು ತೋರಿಸುವ ಉಪಕರಣವನ್ನು ಮನೆಯ ನಡುಗೋಡೆಗೆ ನೇತುಹಾಕಿಕೊಂಡು ತಾನು ಬೇರೆಯವರ ಮೈಕ್ರೋಮೀಟರು ತಿದ್ದುತ್ತಿದ್ದೇನೆ ಎಂದು ಅವಳಿಗೆ ನಗುವೂ ಸಿಟ್ಟೂ ಬಂತು. ಭಾನುವಾರ ಮಧ್ಯಾಹ್ನ ಸ್ಟೂಲು ಹತ್ತಿ ಗಡಿಯಾರವನ್ನು ಇಳಿಸಿದಳು, ಸೆಕೆಂಡಿಗೆ ಸೆಕೆಂಡು ಸರಿ ಮಾಡಿದಳು. ಲ್ಯಾಬಿನಲ್ಲಿ ಉಪಕರಣಗಳಿಗೆ ಹಚ್ಚುವ ಹಸಿರು ಸ್ಟಿಕ್ಕರ್ ಒಂದು ಅವಳ ಬ್ಯಾಗಿನಲ್ಲಿತ್ತು. ಅದರ ಮೇಲೆ ದಿನಾಂಕ ಬರೆದು, ದೋಷ ಸೊನ್ನೆ ಎಂದು ನಮೂದಿಸಿ ಗಡಿಯಾರದ ಅಂಚಿಗೆ ಅಂಟಿಸಿದಳು. ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ತಿಳಿಸಿದಳು. ಎಲ್ಲರೂ ತಲೆಯಾಡಿಸಿದರು. ಮಾವ ಮಾತ್ರ ಗಡಿಯಾರದ ಕಡೆ ಒಮ್ಮೆ ನೋಡಿ ಮಜ್ಜಿಗೆ ಬಡಿಸಿಕೊಂಡರು.

ಸೋಮವಾರ ಮನೆ ತಲೆಕೆಳಗಾಯಿತು.

ಕೃಷ್ಣಸ್ವಾಮಿ ನಾಲ್ಕೂವರೆಗೆ ಎದ್ದರು. ಅಷ್ಟರಲ್ಲಿ ಕಾವೇರಿ ನೀರು ಬಂದುಬಿಟ್ಟಿತ್ತು. ವಾಲ್ವ್ ತಿರುಗಿಸಲು ಬರಿಗಾಲಲ್ಲಿ ಓಡಿದರು. ಅತ್ತೆ ವೆಂಕಟಲಕ್ಷ್ಮಿ ಫಿಲ್ಟರಿಗೆ ಬಿಸಿನೀರು ಹುಯ್ಯುವುದು ತಡವಾಯಿತು, ಒಲೆಯ ಮೇಲೆ ಉಪ್ಪಿಟ್ಟಿನ ಬಾಣಲೆ ಏರುವುದೂ ತಡವಾಯಿತು. ಚಿನ್ಮಯ್ ಗಡಿಯಾರ ನೋಡಿ ಅಭ್ಯಾಸಬಲದಿಂದ ಹದಿನೇಳು ಕಳೆದು ನಿಧಾನವಾಗಿ ಗಡ್ಡ ಹೆರೆದುಕೊಂಡ, ಹತ್ತಬೇಕಾದ ಮೆಟ್ರೋ ತಪ್ಪಿಸಿಕೊಂಡ. ಶ್ರೀರಂಜನಿ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡಿದ್ದಾಗ ಸ್ಕೂಲ್ ವ್ಯಾನು ಗೇಟಿನ ಮುಂದೆ ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಇನ್ನು ಗಡಿಯಾರ ಸರಿ ಮಾಡಿದವಳೇ? ನಾಲ್ಕೂವರೆಗೆ ಕಣ್ಣು ಬಿಟ್ಟು, ನಿದ್ದೆಗಣ್ಣಿನಲ್ಲೇ ಹದಿನೇಳು ಕಳೆದು, ಮಗ್ಗುಲು ಹೊರಳಿ ಆರೂ ಕಾಲಿಗೆ ಎದ್ದಳು. ಮಗಳನ್ನು ಆಟೋದಲ್ಲಿ ಸ್ಕೂಲಿಗೆ ಬಿಟ್ಟು ಲ್ಯಾಬು ಮುಟ್ಟುವಾಗ ಕರಿಬಸಪ್ಪನವರು ಬಾಗಿಲಲ್ಲೇ ನಿಂತು ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಸಂಜೆ ವಿಚಾರಣೆ ನಡೆಯಿತು. ಚಿನ್ಮಯ್ ನಕ್ಕು ಸುಮ್ಮನಾದ. ವೆಂಕಟಲಕ್ಷ್ಮಿ ಸುಮ್ಮನಾಗುವವರಲ್ಲ.

"ನನ್ನ ಮಂಡಿಗೂ ಒಂದು ಸ್ಟಿಕ್ಕರ್ ಅಂಟಿಸ್ಬಿಡಮ್ಮ. ಎಷ್ಟು ತಪ್ಪು ತೋರಿಸ್ತಿದೆ ಅಂತ ಬರ್ದು, ಡೇಟೂ ಹಾಕ್ಬಿಡು" ಎಂದರು.

ಪ್ರಿಯಂವದಾಗೆ ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ಕಳೆಯುವ ರೂಢಿಯವರಿಗೆ ತಡವಾದದ್ದು ಸರಿ. ಅತ್ತೆ ಮಾವನಿಗೆ ಏಕೆ ತಡವಾಗಬೇಕು? ಅವಳು ಪೇಪರು ಓದುತ್ತ ಕೂತಿದ್ದ ಮಾವನ ಎದುರು ಹೋಗಿ ಕೂತು, ನೀವು ಇಷ್ಟು ದಿನ ಹದಿನೇಳು ಕಳೆಯುತ್ತಿರಲಿಲ್ಲವೇ ಎಂದು ಕೇಳಿದಳು.

ಕೃಷ್ಣಸ್ವಾಮಿ ಕನ್ನಡಕ ತೆಗೆದರು. "ಕಳೆಯೋದಾದ್ರೆ ಮುಂದೆ ಯಾಕಮ್ಮ ಇಡ್ಬೇಕಿತ್ತು?"

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಮಾವ ನಿಧಾನವಾಗಿ ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಎದ್ದವರೇ ಬಿಸಿ ಕಾಫಿ ಗಂಟಲಿಗೆ ಸುರಿದುಕೊಂಡು ಬಸ್ಸಿಗೆ ಓಡುತ್ತಿದ್ದರಂತೆ. ಓಡಿ ಹೋಗಿ ಮೆಷಿನ್ ಮುಂದೆ ನಿಂತರೆ ಬೆರಳು ಅದುರುತ್ತಿತ್ತು. ಒಂದು ದಿನ ಮೂರು ವಾರ ಕೆಲಸ ಹಿಡಿದಿದ್ದ ಡೈ, ಅಂದರೆ ಉಕ್ಕಿನ ಅಚ್ಚೊಂದನ್ನು ಕೂದಲೆಳೆಯಷ್ಟು ಹೆಚ್ಚು ಕೊರೆದು ಹಾಳು ಮಾಡಿದರು. ಫೋರ್‌ಮನ್ ಬೈಯಲಿಲ್ಲ. ಉಸಿರು ಕೂತ ಮೇಲೆ ಮೆಷಿನ್ ಮುಟ್ಟು ಎಂದಷ್ಟೇ ಹೇಳಿದರು. ಆ ಭಾನುವಾರವೇ ಮನೆಯ ಗಡಿಯಾರ ಹದಿನೇಳು ನಿಮಿಷ ಮುಂದೆ ಹೋಯಿತು.

"ಹದಿನೇಳೇ ಯಾಕೆ ಮಾವ?"

"ಡಿಕಾಕ್ಷನ್ ಇಳಿಯೋಕೆ ಹನ್ನೆರಡು, ಕುಡಿಯೋಕೆ ಐದು. ಅಷ್ಟ್ ಹೊತ್ತು ನಾವಿಬ್ರೂ ಏನೂ ಕೆಲಸ ಮಾಡಲ್ಲ. ಅಡುಗೆ ವಿಷಯನೂ ಎತ್ತೋ ಹಾಗಿಲ್ಲ. ಇವಳೇ ಮಾಡಿದ ಕರಾರು."

"ಇವತ್ತು ಅದೂ ಹೋಯ್ತು" ಎಂದರು ವೆಂಕಟಲಕ್ಷ್ಮಿ ಅಡುಗೆಮನೆಯಿಂದ. "ನಿಂತ್ಕೊಂಡೇ ಕುಡಿದಿದ್ದು. ರುಚಿನೇ ಗೊತ್ತಾಗ್ಲಿಲ್ಲ."

ಹದಿಮೂರು ವರ್ಷ ಆ ಮನೆಯಲ್ಲಿದ್ದೂ ಪ್ರಿಯಂವದಾಗೆ ಇದು ತಿಳಿದಿರಲಿಲ್ಲ. ಬೆಳಗಿನ ಜಾವ ಅಡುಗೆಮನೆಯಲ್ಲಿ ದೀಪ ಉರಿಯುವುದನ್ನು ಅವಳು ಕಂಡಿದ್ದಳು. ವಯಸ್ಸಾದವರಿಗೆ ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದಳು, ಅಷ್ಟೇ.

ಮರುದಿನ ಲ್ಯಾಬಿನಲ್ಲಿ ಅವಳ ಮನಸ್ಸಿನಲ್ಲಿ ಅದೇ ಸುಳಿಯುತ್ತಿತ್ತು. ಬಿಸಿಲಲ್ಲಿ ಬೈಕಿನ ಚೀಲದಲ್ಲಿ ಬಂದ ಗೇಜನ್ನು ಲ್ಯಾಬಿನವರು ಬಂದ ಕೂಡಲೇ ಅಳೆಯುವುದಿಲ್ಲ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಕಲ್ಲಿನ ಮೇಜಿನ ಮೇಲಿಟ್ಟು ಗಂಟೆಗಟ್ಟಲೆ ಬಿಡುತ್ತಾರೆ. ಒಂದು ಡಿಗ್ರಿ ಹೆಚ್ಚಿದ್ದರೂ ನೂರು ಮಿಲಿಮೀಟರ್ ಉಕ್ಕು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ತುಸು ಹೆಚ್ಚೇ ಹಿಗ್ಗಿರುತ್ತದೆ. ಅದು ಕೋಣೆಗೆ ಹೊಂದಿಕೊಳ್ಳುವ ತನಕ ಯಾವ ರೀಡಿಂಗಿಗೂ ಅರ್ಥವಿಲ್ಲ. ಆರು ವರ್ಷಗಳಲ್ಲಿ ಒಮ್ಮೆಯೂ ಅವಳು ಈ ನಿಯಮ ಮುರಿದಿರಲಿಲ್ಲ. ತನ್ನನ್ನು ಮಾತ್ರ ಹಾಸಿಗೆಯಿಂದ ನೇರವಾಗಿ ನಲವತ್ತೊಂದನೆಯ ಪುಟಕ್ಕೆ ಎಳೆತಂದು ಕೂರಿಸುತ್ತಿದ್ದಳು.

ಆ ಸಂಜೆ ಗಡಿಯಾರ ಮತ್ತೆ ಹದಿನೇಳು ನಿಮಿಷ ಮುಂದೆ ಹೋಯಿತು. ಸ್ಟಿಕ್ಕರನ್ನು ಅವಳೇ ಉಗುರಿನಿಂದ ಕೆರೆದು ತೆಗೆದಳು. ಚಿನ್ಮಯ್ ಮತ್ತು ಮಗಳು ಹಿಂದಿನಂತೆ ಕಳೆದುಕೊಂಡೇ ಇರಲಿ, ತಾನು ಮಾತ್ರ ಕಳೆಯಬಾರದು ಎಂದು ನಿರ್ಧರಿಸಿದಳು.

ಬುಧವಾರ ಗಡಿಯಾರ ನಾಲ್ಕೂವರೆ ತೋರಿಸಿದಾಗ ಅಡುಗೆಮನೆಗೆ ಹೋದಳು. ಕಂಕುಳಲ್ಲಿ ಪುಸ್ತಕವಿತ್ತು. ವೆಂಕಟಲಕ್ಷ್ಮಿ ಅದನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟು, ಕೂರಲು ಮಣೆ ತೋರಿಸಿದರು. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವುದನ್ನು ಮೂವರೂ ಕೇಳುತ್ತ ಕೂತರು. ಹಿಂದಿನ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಮಾವ ತಮಗೆ ಬಿದ್ದ ಕನಸೊಂದನ್ನು ಹೇಳಿದರು, ಅದಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಅತ್ತೆ ಅವರೆಕಾಯಿಯ ಸೊಗಡು ಈ ವರ್ಷ ಕಮ್ಮಿ ಎಂದರು. ಹೇಳಿದ ಮೇಲೆ ಅದು ಅಡುಗೆ ವಿಷಯವಾಯಿತೆಂದು ತಾವೇ ನಾಲಿಗೆ ಕಚ್ಚಿಕೊಂಡರು. ಲೋಟ ಖಾಲಿಯಾದಾಗ ಪ್ರಿಯಂವದಾ ಫ್ರಿಜ್ಜಿನ ಮೇಲಿಂದ ಪುಸ್ತಕ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಳು. ಆ ದಿನ ನಲವತ್ತೊಂದನೆಯ ಪುಟ ದಾಟಿ ನಲವತ್ತೊಂಬತ್ತಕ್ಕೆ ಬಂದಳು.

ಬರೆದಿಡುವುದನ್ನೇನೂ ಅವಳು ಬಿಡಲಿಲ್ಲ, ಅದು ಅವಳ ಜಾಯಮಾನವಲ್ಲ. ಮುಂದಿನ ಮೂವತ್ತನಾಲ್ಕು ದಿನಗಳಲ್ಲಿ ಆರು ದಿನ ಏಳಲಾಗಲಿಲ್ಲ. ಅದರಲ್ಲಿ ಎರಡು ದಿನ ಮಗಳಿಗೆ ಜ್ವರ, ಒಂದು ದಿನ ನೆಂಟರ ಮದುವೆಯ ದಣಿವು, ಉಳಿದ ಮೂರು ದಿನ ಬರೀ ಸೋಮಾರಿತನ. ಹಾಗೆಂದೇ ಬರೆದಳು. ತಪ್ಪಿದ ಮರುದಿನ ಯಾರೂ ಕೇಳುತ್ತಿರಲಿಲ್ಲ, ಲೋಟ ಮಾತ್ರ ಮೂರೇ ಇರುತ್ತಿತ್ತು. ಮೊದಲೆಲ್ಲ ಒಂದು ದಿನ ತಪ್ಪಿದರೆ ಮೂರು ದಿನ ತಪ್ಪುತ್ತಿತ್ತು. ಈಗ ಹಾಗಾಗಲಿಲ್ಲ.

ಜನವರಿಯ ಮೂರನೆಯ ವಾರ ಪರಿಶೀಲಕಿ ಬಂದರು. ಮಹಾನಂದಾ ಎಂಬ ಅರವತ್ತರ ಹತ್ತಿರದ ಹೆಂಗಸು, ಹತ್ತಿಸೀರೆ, ತೀಕ್ಷ್ಣ ಕಣ್ಣು. ಎರಡು ದಿನ ಪ್ರಿಯಂವದಾಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅಳೆಸಿದರು. ಅಳತೆಯಲ್ಲಿ ಎಷ್ಟು ಅನುಮಾನ ಉಳಿಯುತ್ತದೆ, ಅದು ಎಲ್ಲೆಲ್ಲಿಂದ ಬರುತ್ತದೆ ಎಂದು ಬಿಡಿಬಿಡಿಯಾಗಿ ಬರೆಸಿದರು. ಗಿರಾಕಿ ಬಾಗಿಲಲ್ಲಿ ನಿಂತು ಅರ್ಜೆಂಟ್ ಎಂದು ಗಲಾಟೆ ಮಾಡಿದರೆ ಗೇಜು ತಣಿಯುವ ಮೊದಲೇ ಅಳೆಯುತ್ತೀರಾ ಎಂದು ಕೇಳಿದರು.

"ಇಲ್ಲ ಮೇಡಂ. ಕೂತ್ಕೊಳ್ಳಿ ಅಂತೀನಿ."

"ಕೂರ್ದೇ ಇದ್ರೆ?"

"ನಿಂತಿರ್ಲಿ ಮೇಡಂ. ಗೇಜು ಅವ್ರ ಮಾತು ಕೇಳಲ್ಲ."

ಮಹಾನಂದಾ ನಗಲಿಲ್ಲ. ಏನನ್ನೋ ಬರೆದುಕೊಂಡರು. ಎರಡನೆಯ ದಿನ ಮಧ್ಯಾಹ್ನ ತಿರುಪಿನ ಸುತ್ತು ನೋಡುವ ಥ್ರೆಡ್ ಗೇಜುಗಳ ಪ್ರಶ್ನೆಯಲ್ಲಿ ಪ್ರಿಯಂವದಾ ಎಡವಿದಳು. ಒಂದು ತಿದ್ದುಪಡಿಯನ್ನು ಕೂಡಿಸಬೇಕೋ ಕಳೆಯಬೇಕೋ ತಿಳಿಯದೆ ಕಳೆದುಬಿಟ್ಟಳು. ಗೊತ್ತಿಲ್ಲದೆ ಮಾಡಿದೆ ಎಂದು ಒಪ್ಪಿಕೊಂಡಳು.

ಸಂಜೆ ಯಜಮಾನರ ಕೋಣೆಯಲ್ಲಿ ಫಲಿತಾಂಶ ತಿಳಿಯಿತು. ಮೈಕ್ರೋಮೀಟರು, ಕ್ಯಾಲಿಪರು, ಗೇಜ್ ಬ್ಲಾಕುಗಳಿಗೆ ಅವಳ ಸಹಿ ನಡೆಯುತ್ತದೆ. ಥ್ರೆಡ್ ಗೇಜುಗಳಿಗೆ ಸದ್ಯಕ್ಕಿಲ್ಲ, ಮುಂದಿನ ಸಲ ಮತ್ತೆ ಕೂರಬೇಕು. ಕೆಲಸದಲ್ಲಿ ಮುಕ್ಕಾಲು ಪಾಲು ಮೈಕ್ರೋಮೀಟರುಗಳೇ ಆಗಿದ್ದರಿಂದ ಹೊರಗಿನವರನ್ನು ತರುವ ಮಾತು ಅಲ್ಲಿಗೆ ಮುಗಿಯಿತು. ಕರಿಬಸಪ್ಪನವರು ತಮ್ಮ ಮೇಜಿನ ಡ್ರಾಯರಿನ ಬೀಗದಕೈಯನ್ನು ಅಂದೇ ಅವಳ ಕೈಗಿಟ್ಟರು. ಮಾರ್ಚಿನ ತನಕ ಇಬ್ಬರೂ ಅದೇ ಡ್ರಾಯರು ಬಳಸೋಣ ಎಂದರು.

ಒಪ್ಪಿಗೆಯ ಕಾಗದಪತ್ರ ಬಂದ ಮೇಲೆ ಅವಳು ಸಹಿ ಹಾಕಿದ ಮೊದಲ ಸರ್ಟಿಫಿಕೇಟ್ ಚಿನ್ನಪ್ಪನ ಮೈಕ್ರೋಮೀಟರಿನದು. ಚಿನ್ನಪ್ಪ ಅಲ್ಲೇ ಚೊಕ್ಕಸಂದ್ರದವನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಲೇತ್ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆಯಿಂದ ಮೂರು ಸಲ ಬಂದು ಹೋಗಿ, ನಾಲ್ಕನೆಯ ಸಲ ಬಂದಾಗ ಕೆಲಸ ಮುಗಿದಿತ್ತು. ಪ್ರಿಯಂವದಾ ಪೆನ್ನಿನ ಕ್ಯಾಪ್ ತೆಗೆದು, ಪೂರ್ತಿ ಹೆಸರು ಬರೆದು, ಒಣಗಲು ಬಿಟ್ಟು, ಅವನ ಮುಂದಿಟ್ಟಳು.

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. "ಸೈನು ಬದ್ಲಾದಂಗೈತೆ. ಕರಿಬಸಪ್ಪೋರ್ದಲ್ವಲ್ಲ ಇದು?"

"ನಂದು."

"ನಡೀತದಾ ಮೇಡಂ ಇಂಗೆ?"

"ನಡೆಯುತ್ತೆ ಚಿನ್ನಪ್ನೋರೆ. ಇನ್ಮೇಲೆ ಇದೇ."

"ಸರಿ ಬುಡಿ" ಎಂದ ಚಿನ್ನಪ್ಪ. ಮಡಚಬೇಡಿ ಎಂದು ಅವಳು ಹೇಳುವಷ್ಟರಲ್ಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿ, ಮೈಕ್ರೋಮೀಟರಿನ ಪೆಟ್ಟಿಗೆಯನ್ನು ಬೈಕಿನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕಕ್ಕಿಟ್ಟುಕೊಂಡು ಬೈಕು ಹತ್ತಿದ. ಅವನು ಗೇಟು ದಾಟಿ ತಿರುಗುವವರೆಗೂ ಅವಳು ಕಿಟಕಿಯಲ್ಲಿ ನಿಂತು, ಜೇಬಿನಲ್ಲಿ ತನ್ನ ಸಹಿ ಇಟ್ಟುಕೊಂಡು ಹೊರಟ ಅವನನ್ನೇ ನೋಡುತ್ತಿದ್ದಳು.