ಕಂಬವಿಲ್ಲದ ಮೆಟ್ಟಿಲಿನ ಕೇಶವಯ್ಯ

ಹಿಂದೂಪುರದ ಕೇಶವಯ್ಯನವರು ಯಾರ ಮನೆಯ ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿದವರಲ್ಲ. ನಟ್ಟನಡುವೆ ನಿಂತು, ಕಣ್ಣು ಮುಚ್ಚಿ, ತುದಿಗಾಲ ಮೇಲೆದ್ದು, ಹಿಮ್ಮಡಿಗಳೆರಡನ್ನೂ ಧೊಪ್ಪನೆ ಇಳಿಬಿಟ್ಟು, ಆ ಏಟಿಗೆ ಮೆಟ್ಟಿಲು ಎಷ್ಟು ಹೊತ್ತು ಕಂಪಿಸುತ್ತದೆಂದು ಅಂಗಾಲಿನಿಂದಲೇ ಆಲಿಸಿ, ಆಮೇಲೆ ಮುಂದಿನ ಹೆಜ್ಜೆ. ಮದುವೆಮನೆಗಳಲ್ಲಿ ಇವರ ಹಿಂದೆ ಸಾಲುಗಟ್ಟಿ ನಿಂತ ನೆಂಟರು ಪಾಪ, ಮಂಡಿನೋವಿರಬೇಕೆಂದು ಮರುಗುತ್ತಿದ್ದರು. ಸುಡುಬಿಸಿಲಿನಲ್ಲೂ ಬಿಡದ ಒಂದು ಕಂದು ಕೋಟು. ಯಾರು ಏನು ಕೇಳಿದರೂ "ಹ್ಞೂ, ನೋಡಾಣ" ಎಂಬ ಒಂದೇ ಉತ್ತರ. ಮಗ್ಗದ ಸದ್ದಿನಲ್ಲಿ ಬೆಳೆದ ಇವರಿಗೆ ಮಾತು ಕಿವಿಗೇ ಬೀಳಲಿಲ್ಲ, ಇನ್ನು ಬಾಯಿಗೆ ಬರುವುದೆಲ್ಲಿ ಎಂದು ಹೆಂಡತಿ ಪದ್ಮಾವತಮ್ಮ ಛೇಡಿಸುತ್ತಿದ್ದರು.

ಸರ್ಕಾರಿ ಇಂಜಿನಿಯರಾಗಿ ಬದುಕೆಲ್ಲ ಮೋರಿಗಳ, ಶಾಲೆಕೋಣೆಗಳ ನಕ್ಷೆ ಬರೆದು ಸವೆದ ಈ ಮನುಷ್ಯನಿಗೆ ನಿವೃತ್ತಿಯ ನಂತರ, ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಭಾಗ್ಯ ಒದಗಿತು. ಕಲ್ಯಾಣದುರ್ಗದ ವ್ಯಾಪಾರಿ ಕೊಟ್ಟೂರಪ್ಪನವರು ತಮ್ಮ ಹೊಸ ಕಲ್ಯಾಣಮಂಟಪಕ್ಕೆ, ಕೆಳಗೊಂದೂ ಕಂಬವಿಲ್ಲದೆ ನೆಲದಿಂದ ಮಹಡಿಗೆ ಏರುವ ಭವ್ಯವಾದ ಉಕ್ಕಿನ ಮೆಟ್ಟಿಲು ಬೇಕೆಂದರು. ತಾನು ಮನಸಾರೆ ಕಟ್ಟಿದೆ ಎಂದು ಹೇಳಿಕೊಳ್ಳಲು ಒಂದಾದರೂ ಉಳಿಯಲಿ ಎಂದು ಕೇಶವಯ್ಯ ಅದರ ಮೇಲೆ ಪ್ರಾಣವನ್ನೇ ಇಟ್ಟರು. ಮೆಟ್ಟಿಲೇನೋ ಸುಂದರವಾಗಿಯೇ ಬಂತು. ಆದರೆ ಜನ ಒಟ್ಟಾಗಿ ಹತ್ತಿದರೆ, ಅವರ ಹೆಜ್ಜೆಯ ಲಯವೂ ಉಕ್ಕಿನ ಲಯವೂ ಒಂದಾಗಿ, ಇಡೀ ಮೆಟ್ಟಿಲು ಜುಮ್ಮೆಂದು ನಡುಗುತ್ತಿತ್ತು. ಕುಸಿಯುವ ಭಯವೇನೂ ಇರಲಿಲ್ಲ. ಆದರೆ ಬೀಗಿತ್ತಿಯರಿಗೆ ಅದನ್ನು ಹೇಳುವವರು ಯಾರು? ಕೊಟ್ಟೂರಪ್ಪನವರು ನಡುವೆ ಒಂದು ಕಂಬ ನಿಲ್ಲಿಸಲು ಹೊರಟರು.

ಕೇಶವಯ್ಯ ಗಡುವು ಬೇಡಿಕೊಂಡು, ಹಿಂದೂಪುರದ ವರ್ಕ್‌ಶಾಪಿನಲ್ಲಿ ಭಾರವಾದ ಕಬ್ಬಿಣದ ಪೆಟ್ಟಿಗೆಯೊಂದನ್ನು ಮಾಡಿಸಿ, ಅದನ್ನು ಮೆಟ್ಟಿಲಿನ ಅಡಿಗೆ ಸ್ಪ್ರಿಂಗುಗಳಲ್ಲಿ ತೂಗುಹಾಕಿ, ಒಳಗಿನ ತಗಡುಗಳನ್ನು ಕೂಡಿಸಿ ಕಳೆದು, ಅದರ ಲಯವನ್ನು ಮೆಟ್ಟಿಲಿನ ಲಯಕ್ಕೆ ಶ್ರುತಿಗೂಡಿಸಿದರು. ಮೆಟ್ಟಿಲು ಕಂಪಿಸಹೊರಟರೆ ಪೆಟ್ಟಿಗೆ ಅದಕ್ಕೆ ಎದುರಾಗಿ ಕುಣಿದು ಆ ಕಂಪನವನ್ನೆಲ್ಲ ತಾನೇ ನುಂಗಿಕೊಳ್ಳುವ ಏರ್ಪಾಡು. ನಡುಕ ನಿಂತೇಹೋಯಿತು. ಇದು ಹೇಗೆ ಎಂದು ಬೆರಗಾಗಿ ಕೇಳಿದ ಕೊಟ್ಟೂರಪ್ಪನವರಿಗೆ ಸಿಕ್ಕಿದ್ದು ಆ ಮಾಮೂಲಿ ಉತ್ತರವೇ.

ಆಯುಧಪೂಜೆ ಬಂತು. ಪೆಟ್ಟಿಗೆಯೂ ಒಂದು ಯಂತ್ರವೇ ತಾನೇ ಎಂದು ಕೊಟ್ಟೂರಪ್ಪನವರು ಅದಕ್ಕೂ ವಿಭೂತಿ ಬಳಿದು, ಅದರ ಅಂಚಿನಲ್ಲಿ ಹಣತೆ ಇಟ್ಟರು. ಮನೆಮಂದಿ ಮೆಟ್ಟಿಲು ಹತ್ತಿ ಇಳಿದಂತೆಲ್ಲ ಪೆಟ್ಟಿಗೆ ಅದುರಿ ಹಣತೆ ಉರುಳುತ್ತಿತ್ತು. ಪೂಜೆಯ ದೀಪ ಆರಿದರೆ ಕೇಡಲ್ಲವೇ? ಗಾರೆ ಕೆಲಸದ ಮುತ್ಯಾಲಪ್ಪನನ್ನು ಕರೆಸಿ, ಪೆಟ್ಟಿಗೆಗೂ ತೊಲೆಗೂ ನಡುವೆ ಮರದ ಬೆಣೆಗಳನ್ನು ಹೊಡೆಸಿ, ಅಲ್ಲಾಡದಂತೆ ಬಿಗಿಮಾಡಿಸಿದರು. ಹಬ್ಬ ಮುಗಿದರೂ ಬೆಣೆ ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ.

ಮುಂದಿನ ಮದುವೆಯಲ್ಲಿ ಮೆಟ್ಟಿಲು ಮತ್ತೆ ನಡುಗಿತು. ಕಂಬಕ್ಕೆ ಗುಂಡಿ ತೋಡುತ್ತಿದ್ದಾರೆಂಬ ಸುದ್ದಿ ಕೇಳಿ ಕೇಶವಯ್ಯ ಬಸ್ಸು ಹತ್ತಿ ಬಂದರು. ಬಂದವರೇ ಬೆಣೆಗಳನ್ನು ಕಂಡರು.

"ನಡುಗೋದು ನಿಲ್ಸಕ್ಕೆ ಅಂತ ತಂದ ಪೆಟ್ಟಿಗೇನೇ ಗಡಗಡ ಅಂತಿತ್ತಲ್ಲ ಸಾರ್! ಅದ್ಕೇ ಬಿಗಿ ಮಾಡಿಸ್ಬುಟ್ಟೆ. ತಪ್ಪಾ?" ಎಂದರು ಕೊಟ್ಟೂರಪ್ಪ.

ಕೇಶವಯ್ಯನವರ ಮುಖಕ್ಕೆ ಸಿಟ್ಟು ಏರಿ, ಹಾಗೇ ಇಳಿಯಿತು. "ತಪ್ಪು ನಂದೇ. ಅದು ನಡುಗಿದ್ರೇನೇ ಮೆಟ್ಲು ನಡುಗಲ್ಲ. ನಾನು ಹೇಳ್ಬೇಕಾಗಿತ್ತು, ಹೇಳ್ಲಿಲ್ಲ" ಎಂದರು. ಅವರು ಇಷ್ಟು ಮಾತಾಡಿದ್ದನ್ನು ಕಲ್ಯಾಣದುರ್ಗದಲ್ಲಿ ಯಾರೂ ಕೇಳಿರಲಿಲ್ಲ.

ಬೆಣೆ ಕಿತ್ತು, ಕೊಟ್ಟೂರಪ್ಪನವರ ಹೆಂಡತಿ ವೀರಭದ್ರಮ್ಮನವರನ್ನು ಕರೆದು, ಪೆಟ್ಟಿಗೆಯ ತಳಕ್ಕೆ ಅಂಗೈ ಇಡಿಸಿದರು. ಮುತ್ಯಾಲಪ್ಪನೂ ಗುಂಡಿ ತೋಡುತ್ತಿದ್ದವರೂ ಹೆಜ್ಜೆ ಹೊಂದಿಸಿಕೊಂಡು ಮೆಟ್ಟಿಲು ಹತ್ತಿದರು.

"ಅಯ್ಯೋ ಸಿವನೇ, ಜೀವ ಇದ್ದಂಗೆ ಮಿಡೀತದೆ ಕಣಣ್ಣ!" ಎಂದು ಆಕೆ ಕೂಗಿದರು. "ಏ ಮುತ್ಯಾಲಪ್ಪ, ಮೇಲೆ ಹೆಂಗೈತ್ಲಾ?"

"ಏಮೀ ಲೇದಮ್ಮಾ, ಏನೂ ಇಲ್ಲ! ಬಂಡೆ ಮ್ಯಾಲೆ ನಿಂತಂಗೈತೆ."

ವೀರಭದ್ರಮ್ಮ ಕೈ ತೆಗೆಯದೆಯೇ ಗಂಡನಿಗೆ ಗುಂಡಿ ಮುಚ್ಚಿಸಲು ಹೇಳಿದರು. ಕೇಶವಯ್ಯನವರ ಕಣ್ಣು ತುಂಬಿ ಬಂತು.

ಇಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಕೆಲಸ ಸರಿಯಾಗಿದ್ದರೆ ಅದೇ ಮಾತಾಡುತ್ತದೆಂದು ನಂಬಿ ಬಾಯಿ ಬಿಗಿದುಕೊಂಡಿರುತ್ತಾರೆ. ನಾವದನ್ನು ವಿನಯವೆಂದು ಹೊಗಳುತ್ತೇವಾದರೂ, ನಿಜಕ್ಕೂ ಅದೊಂದು ಬಗೆಯ ಬಿಂಕ. ಆ ಬಿಂಕದ ಅಡಿಯಲ್ಲಿ, ತಾವು ಕಂಡದ್ದನ್ನು ಇನ್ನೊಂದು ಜೀವವೂ ಕಾಣಲಿ ಎಂಬ ಹಸಿವು ಸದಾ ಇರುತ್ತದೆ. ಆಯುಷ್ಯದಲ್ಲಿ ಒಬ್ಬರು ಕೈಯಿಟ್ಟು ನೋಡಿ ಹೌದೆಂದರೆ ಅವರಿಗೆ ಅಷ್ಟೇ ಸಾಕು. ಆ ಒಬ್ಬರು ಸಿಗದೆ ಹೋದವರೇ ಹೆಚ್ಚು.